ಏಣಿ ಇಳಿಸಿ, ನಾವು ಹತ್ತುತ್ತೇವೆ

ಕುಂಬಳೆಯಿಂದ ಬೇಕಲದವರೆಗೆ ಕಡಲ ಬದಿಯಲ್ಲಿ ಹಡಗಿಗೆ ಹೋದವರೇ ಇಲ್ಲದ ಊರು ಸಿಗುವುದು ಕಷ್ಟ. ಕೋಟಿಕುಳಂ, ಪಾಲಕುನ್ನು ಕಡೆಯಂತೂ ಸೀಮ್ಯಾನ್‌ಗಳ ಊರು ಅಂತಲೇ ಹೆಸರು. ಹಾಗಾಗಿ 2024ರ ಜನವರಿಯಲ್ಲಿ ಸೊಮಾಲಿಯಾದ ಆಚೆ ಲೀಲಾ ನಾರ್ಫೋಕ್ ಹಡಗಿಗೆ ನಮ್ಮ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ಹತ್ತಿದ ವಿಡಿಯೋ ಟಿವಿಯಲ್ಲಿ ಬಂದಾಗ ಚಾ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಹಡಗಿನಲ್ಲಿದ್ದ 21 ಜನರಲ್ಲಿ 15 ಮಂದಿ ಭಾರತೀಯರು. ನಾನು ರಜೆಯಲ್ಲಿದ್ದೆ. 'ನಿನ್ನ ಹಡಗಿಗೂ ಒಮ್ಮೆ ನೌಕಾಪಡೆಯವರು ಹತ್ತಿದ್ದರಲ್ಲ, ಹೀಗೆಯೇ ಇತ್ತಾ?' ಅಂತ ಸಿಕ್ಕವರೆಲ್ಲ ಕೇಳುವುದು. ಹೀಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕಡಲ್ಗಳ್ಳರ ಕಥೆ ಅಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ, ಲಿಬಿಯಾಕ್ಕೆ ಹೋಗುವ ದಾರಿಯಲ್ಲಿ ಆದದ್ದು. ನಾನು ಆಗ ಒಂದು ಜನರಲ್ ಕಾರ್ಗೋ ಹಡಗಿನಲ್ಲಿ ಬೋಸನ್. ಡೆಕ್ಕಿನ ಹಗ್ಗ, ಏಣಿ, ಬಣ್ಣ, ತುಕ್ಕು ಎಲ್ಲ ನನ್ನ ತಲೆಗೆ. ಸರಕು ತುಂಬುವ ಹೋಲ್ಡಿನಲ್ಲಿ ಟೈಲ್ಸ್, ಪೈಪು, ಹಳೆಯ ಪಿಕಪ್ ಗಾಡಿಗಳು. ಡೆಕ್ಕಿನ ಮೇಲೆ ಒಂದಷ್ಟು ಕಂಟೈನರ್. ಸುಯೆಜ್ ಕಾಲುವೆ ದಾಟಿ ಮಿಸ್ರಾತಾ ಬಂದರಿನ ಕಡೆ ಹೋಗ್ತಾ ಇದ್ದೆವು.

ಲಿಬಿಯಾಕ್ಕೆ ಆಯುಧ ಹೋಗಬಾರದು ಅಂತ 2011ರಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತಡೆ ಹಾಕಿದೆ. ಅನುಮಾನ ಬಂದ ಹಡಗನ್ನು ಲಿಬಿಯಾ ಕರಾವಳಿಯ ಆಚೆ, ನಡುಗಡಲಲ್ಲೂ ನಿಲ್ಲಿಸಿ ನೋಡಬಹುದು ಅಂತ 2016ರಲ್ಲಿ ಇನ್ನೊಂದು ನಿರ್ಣಯವೂ ಆಯ್ತು. ಅದನ್ನು ಜಾರಿ ಮಾಡಲು ಐರೋಪ್ಯ ಒಕ್ಕೂಟದವರು 2020ರಲ್ಲಿ ಇರಿನಿ ಅನ್ನುವ ಕಾರ್ಯಾಚರಣೆ ಶುರು ಮಾಡಿದ್ದಾರೆ. ಆ ದಾರಿಯಲ್ಲಿ ಓಡಾಡುವ ಹಡಗಿನವರಿಗೆ ಇದು ಹೊಸತಲ್ಲ. ನಮಗೂ ಗೊತ್ತಿತ್ತು. ಆದ್ರೆ ನಮ್ಮ ಸರದಿ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ನಾನು ಹಡಗು ನಡೆಸುವ ಕೋಣೆ, ಅಂದರೆ ಬ್ರಿಡ್ಜಿನ ಹೊರಗಡೆ ರೇಲಿಂಗಿಗೆ ಬಣ್ಣ ಹೊಡೆಸ್ತಾ ಇದ್ದೆ. ವಿಎಚ್‌ಎಫ್ ರೇಡಿಯೋದ ಚಾನೆಲ್ 16ರಲ್ಲಿ ನಮ್ಮ ಹಡಗಿನ ಹೆಸರು ಕೇಳಿಸಿತು. ಕರೆದದ್ದು ಇರಿನಿಯ ಒಂದು ಯುದ್ಧನೌಕೆ. ದನಿ ತುಂಬ ಮೆದು. ಮೊದಲು ಬೇರೆ ಚಾನೆಲ್ಲಿಗೆ ಬರಲು ಹೇಳಿದರು. ಆಮೇಲೆ ಒಂದೊಂದೇ ಪ್ರಶ್ನೆ: ಹಡಗಿನ ಗುರುತಿನ ಐಎಂಒ ನಂಬರ್ ಎಷ್ಟು, ಯಾವ ದೇಶದ ಬಾವುಟ, ಮಾಲಿಕರು ಯಾರು, ಹಿಂದಿನ ಬಂದರು ಯಾವುದು, ಮುಂದಿನದು ಯಾವುದು, ಸರಕು ಏನು, ಎಷ್ಟು ಜನ, ಯಾವ ದೇಶದವರು, ಆಯುಧ ಇದೆಯಾ. ಇದರಲ್ಲಿ ಮುಕ್ಕಾಲು ಪಾಲು ಅವರಿಗೆ ಮೊದಲೇ ಗೊತ್ತಿರುತ್ತದೆ. ನಾವು ಹೇಳುವುದಕ್ಕೂ ಅವರಲ್ಲಿರುವುದಕ್ಕೂ ತಾಳೆ ಆಗುತ್ತದಾ ಅಂತ ನೋಡುವುದು. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವಾಗ ತಲಪಾಡಿ ಗಡಿಯಲ್ಲಿ ಪೊಲೀಸರು ಕೇಳುವುದೂ ಇದೇ ಅಲ್ವಾ?

ಕೊನೆಗೆ, ನಿಮ್ಮ ಹಡಗನ್ನು ಪರಿಶೀಲನೆ ಮಾಡಬೇಕು, ಒಪ್ಪಿಗೆ ಇದೆಯಾ ಅಂತ ಕೇಳಿದರು. ಕ್ಯಾಪ್ಟನ್ ಕಂಪನಿಗೆ ಫೋನ್ ಹಚ್ಚಿದರು. ಅಲ್ಲಿಂದ ಶುರುವಾಯ್ತು ಕಾಯುವ ಕೆಲಸ. ನಡುಗಡಲಲ್ಲಿ ಒಂದು ಹಡಗಿನ ಮೇಲೆ ಅಧಿಕಾರ ಇರುವುದು ಅದು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶಕ್ಕೆ ಮಾತ್ರ. ಕಡಲ್ಗಳ್ಳತನ, ಗುಲಾಮರ ಸಾಗಾಟ, ಬಾವುಟವೇ ಇಲ್ಲದ ಹಡಗು, ಇಂಥ ಕೆಲವೇ ಸಂದರ್ಭಗಳಲ್ಲಿ ಬೇರೆ ದೇಶದ ಯುದ್ಧನೌಕೆ ಹತ್ತಿ ನೋಡಬಹುದು ಅಂತ ಸಮುದ್ರ ಕಾನೂನಿನ 110ನೇ ವಿಧಿ ಹೇಳುತ್ತದೆ. ಲಿಬಿಯಾದ ವಿಷಯದಲ್ಲಿ ಭದ್ರತಾ ಮಂಡಳಿಯ ನಿರ್ಣಯ ಇದೆ ನಿಜ. ಆದರೂ ಬಾವುಟದ ದೇಶದ ಒಪ್ಪಿಗೆಗೆ ಮೊದಲು ಪ್ರಯತ್ನ ಮಾಡಲೇಬೇಕು. 2020ರ ನವೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ಯುದ್ಧನೌಕೆಯವರು ರೋಸಲೀನ್ ಎ ಅನ್ನುವ ಟರ್ಕಿ ಹಡಗಿಗೆ ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಇಳಿದಿದ್ದರು. ಟರ್ಕಿ ಒಪ್ಪಲಿಲ್ಲ, ದೊಡ್ಡ ಗಲಾಟೆ ಆಯ್ತು. ಹುಡುಕುವುದನ್ನು ಅರ್ಧಕ್ಕೇ ಬಿಟ್ಟು ಇಳಿಯಬೇಕಾಯ್ತು. ಬಂದೂಕು, ಹೆಲಿಕಾಪ್ಟರು ಎಲ್ಲ ಇದ್ದೂ ಒಂದು ಫೋನಿಗೆ ಕೆಲಸ ನಿಂತಿತು.

ನಮಗೆ ಒಪ್ಪಿಗೆ ಸಿಕ್ಕಿತು. ಕಾದದ್ದು ಗಂಟೆಗಟ್ಟಲೆ. ಅಷ್ಟು ಹೊತ್ತು ಆ ಬೂದು ಬಣ್ಣದ ಹಡಗು ನಮ್ಮ ಹಿಂದೆ ಒಂದೇ ದೂರದಲ್ಲಿ ಬರ್ತಾ ಇತ್ತು. ನಮ್ಮ ಅಡುಗೆಯವ ಎರಡು ಸಲ ಹೊರಗೆ ಬಂದು ನೋಡಿ, ಕೋಳಿ ಸಾರಿಗೆ ಇನ್ನೂ ಸ್ವಲ್ಪ ನೀರು ಹಾಕಿದ.

ಆಮೇಲೆ ಆದೇಶಗಳು ಬಂದವು. ಹಡಗು ನಿಲ್ಲಿಸಬೇಡಿ, ದಿಕ್ಕು ಬದಲಿಸಬೇಡಿ, ಆರು ನಾಟ್ ವೇಗದಲ್ಲಿ ಹೋಗಿ. ಎಡಬದಿಯಲ್ಲಿ ಪೈಲಟ್ ಏಣಿ ಇಳಿಸಿ, ನೀರಿನಿಂದ ಒಂದು ಮೀಟರ್ ಮೇಲೆ. ಬ್ರಿಡ್ಜಿನಲ್ಲಿ, ಎಂಜಿನ್ ರೂಮಿನಲ್ಲಿ ಬೇಕಾದವರನ್ನು ಬಿಟ್ಟು ಉಳಿದವರೆಲ್ಲ ಮೆಸ್ ರೂಮಿನಲ್ಲಿ ಸೇರಿ. ಕೈಗಳು ಕಾಣುವ ಹಾಗೆ ಇರಲಿ. ಮೊಬೈಲ್ ತೆಗೆಯಬೇಡಿ. ಏಣಿಯ ಹತ್ತಿರ ಇಬ್ಬರೇ ಇರಲಿ.

ನಿಲ್ಲಿಸಬೇಡಿ ಅಂದದ್ದು ಯಾಕೆ ಅಂತ ಊರಿನಲ್ಲಿ ಜಾಸ್ತಿ ಜನ ಕೇಳಿದ್ದಾರೆ. ನಿಂತ ಹಡಗು ತೆರೆಗೆ ಅಡ್ಡ ಬಿದ್ದು ಹೊರಳುತ್ತದೆ. ನಿಧಾನವಾಗಿ ಹೋಗ್ತಾ ಇದ್ದರೆ ಗಾಳಿ ಒಂದು ಬದಿಗೆ ಬೀಳುವ ಹಾಗೆ ಹಿಡಿದುಕೊಳ್ಳಬಹುದು, ಇನ್ನೊಂದು ಬದಿಯಲ್ಲಿ ಹಡಗಿನ ಮೈಯೇ ಗೋಡೆಯಾಗಿ ನೀರು ಸ್ವಲ್ಪ ಸಮಾಧಾನ ಆಗುತ್ತದೆ. ಸಣ್ಣ ಬೋಟು ಬರುವುದು ಆ ನೆರಳಿಗೆ. ನಮ್ಮ ಅಳಿವೆಯಲ್ಲಿ ದೋಣಿ ದಾಟಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಏಣಿಯ ಹತ್ತಿರ ಇದ್ದ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬ ಕೋಟಿಕುಳದ ಹುಡುಗ, ಎ.ಬಿ., ಅಂದರೆ ಡೆಕ್ಕಿನ ನುರಿತ ನಾವಿಕ. ಮೇಲ್ವಿಚಾರಣೆಗೆ ಸೆಕೆಂಡ್ ಆಫೀಸರ್ ಸ್ವಲ್ಪ ಹಿಂದೆ ನಿಂತಿದ್ದರು.

ಈ ಏಣಿಯ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ಟಿವಿಯಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಪೈಲಟ್ ಅಂದರೆ ಹಡಗಿಗೆ ಬಂದರಿನ ದಾರಿ ತೋರಿಸಲು ಬೋಟಿನಲ್ಲಿ ಬರುವವರು. ಅವರು ಹತ್ತುವ ಏಣಿಯೇ ಪೈಲಟ್ ಏಣಿ: ಹಗ್ಗದ ಏಣಿ, ಮರದ ಮೆಟ್ಟಿಲು. ಬದಿಯ ಹಗ್ಗ ಕನಿಷ್ಠ 18 ಮಿಲಿಮೀಟರ್ ದಪ್ಪ ಇರಬೇಕು. ಮೆಟ್ಟಿಲಿನಿಂದ ಮೆಟ್ಟಿಲಿಗೆ 31ರಿಂದ 35 ಸೆಂಟಿಮೀಟರ್. ಕೆಳಗಿನಿಂದ ಐದನೇ ಮೆಟ್ಟಿಲು ಉದ್ದ, ಕನಿಷ್ಠ 1.8 ಮೀಟರ್. ಏಣಿ ತಿರುಚಿಕೊಳ್ಳದಿರಲಿ ಅಂತ. ನೀರಿನಿಂದ ಡೆಕ್ಕಿಗೆ 9 ಮೀಟರಿಗಿಂತ ಜಾಸ್ತಿ ಇದ್ದರೆ ಇದೊಂದೇ ಸಾಲದು, ಹಡಗಿನ ಬದಿಗೆ ಓರೆಯಾಗಿ ಇಳಿಬಿಡುವ ಗಟ್ಟಿ ಮೆಟ್ಟಿಲನ್ನೂ (ಅಕಾಮಡೇಶನ್ ಲ್ಯಾಡರ್) ಜೋಡಿಸಬೇಕು. ನಮ್ಮದು ತುಂಬಿದ ಹಡಗು, ಅಷ್ಟು ಎತ್ತರ ಇರಲಿಲ್ಲ. ಕಟ್ಟುವಾಗ ಭಾರ ಎರಡೂ ಬದಿಯ ಹಗ್ಗದ ಮೇಲೆ ಸಮ ಬೀಳಬೇಕು, ಮೆಟ್ಟಿಲಿನ ಮೇಲೆ ಬೀಳಬಾರದು. ರೋಲಿಂಗ್ ಹಿಚ್ ಅನ್ನುವ ಗಂಟು ಹಾಕಿ ಡೆಕ್ಕಿನ ಗಟ್ಟಿ ಬಳೆಗೆ ಕಟ್ಟಿದೆ. ಪಕ್ಕದಲ್ಲಿ ನೀರಿಗೆ ಬಿದ್ದವರಿಗೆ ಎಸೆಯುವ ತೇಲುಬಳೆ, ಅಂದರೆ ದೀಪ ಇರುವ ಲೈಫ್‌ಬಾಯ್, ಎಸೆಯುವ ಹಗ್ಗ. ಇಷ್ಟೆಲ್ಲ ಪೈಲಟ್ ಹತ್ತುವಾಗಲೂ ಮಾಡುವುದೇ. ಆದ್ರೆ ಪೈಲಟ್ ಬರುವುದು ಲೈಫ್ ಜಾಕೆಟ್ ಹಾಕಿಕೊಂಡು. ಇವರು ಬರುವುದು ಎದೆಗೂ ಬೆನ್ನಿಗೂ ಗುಂಡು ತಡೆಯುವ ಹಲಗೆ ಕಟ್ಟಿಕೊಂಡು. ಆ ತೂಕ ನನ್ನ ಗಂಟಿನ ಮೇಲೆ ಬೀಳುವುದು.

ಮೊದಲು ಹೆಲಿಕಾಪ್ಟರ್ ಬಂತು. ಬಾಗಿಲಲ್ಲಿ ಒಬ್ಬ ಬಂದೂಕು ಹಿಡಿದು ಕೂತಿದ್ದ. ಅದು ಇಳಿಯಲಿಲ್ಲ, ದೂರದಲ್ಲೇ ಸುತ್ತು ಹಾಕಿತು. ಆಮೇಲೆ ಎರಡು ರಬ್ಬರ್ ಬದಿಯ ಬೋಟುಗಳು. ಒಂದು ನಮ್ಮ ಹತ್ತಿರ ಬಂತು. ಇನ್ನೊಂದು ದೂರ ನಿಂತು ನಮ್ಮ ರೇಲಿಂಗಿನ ಉದ್ದಕ್ಕೂ ನೋಡ್ತಾ ಇತ್ತು. ಹತ್ತುವವರನ್ನು ಕಾಯುವುದು ಆ ಎರಡನೇ ಬೋಟಿನ ಕೆಲಸ. ಏಣಿಯಲ್ಲಿರುವವನ ಎರಡೂ ಕೈ ಏಣಿಗೇ ಬೇಕು. ಆಗ ಅವನು ಬಂದೂಕು ಇದ್ದೂ ಇಲ್ಲದವನು.

ಬೋಟು ಓಡಿಸುತ್ತಿದ್ದವನ ಕೈಗುಣ ನೋಡಬೇಕಿತ್ತು. ಮೂತಿಯನ್ನು ನಮ್ಮ ಹಡಗಿನ ಮೈಗೆ ಒತ್ತಿ, ನಮ್ಮದೇ ವೇಗಕ್ಕೆ ಎಂಜಿನ್ ಇಟ್ಟು, ಏಣಿಯ ಬುಡದಲ್ಲಿ ಅಂಟಿಸಿದ ಹಾಗೆ ನಿಲ್ಲಿಸಿದ. ತೆರೆಗೆ ಬೋಟು ಏರುತ್ತದೆ, ಇಳಿಯುತ್ತದೆ. ಏಣಿಗೆ ಕಾಲಿಡಬೇಕಾದದ್ದು ಬೋಟು ತುತ್ತತುದಿಗೆ ಏರಿದಾಗ. ಆಗ ಬೋಟು ಕೆಳಗೆ ಜಾರುತ್ತದೆ, ಮನುಷ್ಯ ಏಣಿಯಲ್ಲಿ ಉಳಿಯುತ್ತಾನೆ. ಬೋಟು ಕೆಳಗಿರುವಾಗ ಹಿಡಿದರೆ ಮುಂದಿನ ತೆರೆಗೆ ಅದೇ ಬೋಟು ಮೇಲೆ ಬಂದು ಕಾಲು ಜಜ್ಜುತ್ತದೆ. ಮೊದಲನೆಯವ ಎರಡು ತೆರೆ ಬಿಟ್ಟ. ಮೂರನೆಯದಕ್ಕೆ ಹಿಡಿದ. ಮೆಟ್ಟಿಲು ಹಿಡಿಯಲಿಲ್ಲ, ಬದಿಯ ಹಗ್ಗ ಹಿಡಿದ. ಅದನ್ನು ನೋಡಿಯೇ ಇವರು ಕಲಿತವರು ಅಂತ ನನಗೆ ಸಮಾಧಾನ ಆಯ್ತು.

ಅವನು ರೇಲಿಂಗ್ ದಾಟಿ ಬಂದಾಗ ನನಗೂ ಅವನಿಗೂ ಒಂದು ಮಾರು ದೂರ. ನಾನು ಎರಡೂ ಅಂಗೈ ತೋರಿಸಿ ನಿಂತಿದ್ದೆ. ಅವನು ನನ್ನ ಮುಖ ನೋಡುವ ಮೊದಲು ಕೈ ನೋಡಿದ. ಒಂದು ಮೊಣಕಾಲೂರಿ ಡೆಕ್ಕಿನ ಮುಂಭಾಗದ ಕಡೆ ತಿರುಗಿ ಕೂತ. ಎರಡನೆಯವ ಬಂದು ಹಿಂಭಾಗದ ಕಡೆ ತಿರುಗಿದ. ಮೂರನೆಯವ ಮೇಲೆ ಬ್ರಿಡ್ಜಿನ ಕಡೆ. ಮಾತಿಲ್ಲ. ತಂಡದ ನಾಯಕ ಬಂದದ್ದು ಅವರೆಲ್ಲರ ಹಿಂದೆ. ಅವನೊಬ್ಬನೇ ನನಗೆ ಗುಡ್ ಆಫ್ಟರ್‌ನೂನ್ ಅಂದ.

ಆಗ ಅವರ ಮೈಮೇಲೆ ಇದ್ದದ್ದೆಲ್ಲ ಹತ್ತಿರದಿಂದ ಕಂಡಿತು. ಹೆಲ್ಮೆಟ್ ಸಣ್ಣದು, ಕಿವಿಯ ಹತ್ತಿರ ಕತ್ತರಿಸಿದ್ದು. ಕಿವಿಯ ಮೇಲೆ ರೇಡಿಯೋ, ಬಾಯಿಯ ಹತ್ತಿರ ಮೈಕು. ಬಂದೂಕು ಗಿಡ್ಡ. ಉದ್ದ ನಳಿಗೆ ಇದ್ದರೆ ಹಡಗಿನ ಕಿರಿದಾದ ದಾರಿಯಲ್ಲಿ, ಬಾಗಿಲಲ್ಲಿ ತಿರುಗಿಸಲು ಆಗುವುದಿಲ್ಲ. ಅದರ ಪಟ್ಟಿ ಮೈಗೆ ಬಿಗಿಯಾಗಿತ್ತು. ಹತ್ತುವಾಗ ತೂಗಾಡಿ ಮೆಟ್ಟಿಲಿಗೆ ಸಿಕ್ಕಿಕೊಳ್ಳಬಾರದಲ್ಲ. ಅದಕ್ಕೊಂದು ಟಾರ್ಚು. ಸೊಂಟದಲ್ಲಿ ಪಿಸ್ತೂಲು, ಅದಕ್ಕೂ ದಾರ. ಒಬ್ಬನ ಬೆನ್ನಿಗೆ ಬೋಲ್ಟ್ ಕಟರ್. ಎಲ್ಲರ ಎದೆಯ ಮೇಲೂ ರಕ್ತ ನಿಲ್ಲಿಸುವ ಪಟ್ಟಿ, ಒಂದೇ ಕೈಗೆ ಸಿಗುವ ಜಾಗದಲ್ಲಿ. ಜೇಬು ಕಡಿಮೆ, ನೇತಾಡುವ ವಸ್ತು ಒಂದೂ ಇಲ್ಲ.

ನನ್ನ ಕಣ್ಣು ಹೋದದ್ದು ಕುತ್ತಿಗೆಯ ಸುತ್ತ ಇದ್ದ ತೆಳು ಲೈಫ್ ಜಾಕೆಟ್ಟಿಗೆ. ಗುಂಡು ತಡೆಯುವ ಅಂಗಿಯೂ ಬೇಕು, ನೀರಿಗೆ ಬಿದ್ದರೆ ತೇಲಲೂ ಬೇಕು. ಎರಡಕ್ಕೂ ಒಂದಕ್ಕೊಂದು ಆಗುವುದಿಲ್ಲ. ಮೆಸ್ ರೂಮಿನ ಬಾಗಿಲಲ್ಲಿ ಕಾವಲು ನಿಂತ ಹುಡುಗ ಆಮೇಲೆ ನಮ್ಮ ಜೊತೆ ಸ್ವಲ್ಪ ಮಾತಾಡಿದ. ಅವನನ್ನೇ ಕೇಳಿದೆ. ಮೊದಲು ಜಾಕೆಟ್ಟಿನ ಗ್ಯಾಸ್ ಎಳೆದು ಉಬ್ಬಿಸುವುದು. ಅಷ್ಟಕ್ಕೂ ತೇಲದಿದ್ದರೆ ಎದೆಯ ಮೇಲಿರುವ ಒಂದು ಹಿಡಿ ಎಳೆಯುವುದು. ಹಲಗೆ ಸಮೇತ ಅಂಗಿ ಬಿಚ್ಚಿಕೊಂಡು ಮುಳುಗುತ್ತದೆ, ಮನುಷ್ಯ ಮೇಲೆ ಬರುತ್ತಾನೆ. ತರಬೇತಿಯಲ್ಲಿ ಎಲ್ಲ ಹಾಕಿಸಿ ಈಜುಕೊಳಕ್ಕೆ ಹಾರಿಸುತ್ತಾರಂತೆ, ದೀಪ ಆರಿಸಿ. ಆ ಹಿಡಿ ಎಲ್ಲಿದೆ ಅಂತ ಕೈಗೆ ಗೊತ್ತಿರಬೇಕು, ಕಣ್ಣಿಗೆ ಅಲ್ಲ ಅಂದ. ಅವರ ಸಾಮಾನಿನಲ್ಲಿ ನನಗೆ ಮೆಚ್ಚುಗೆಯಾದದ್ದು ಬಂದೂಕಲ್ಲ, ಆ ಹಿಡಿ.

ಬೋಟಿನಲ್ಲಿ ಅವರ ಇನ್ನೊಂದು ಏಣಿಯೂ ಇತ್ತು, ನಮ್ಮಂಥ ಒಪ್ಪಿದ ಹಡಗಿಗೆ ಬೇಡದ್ದು. ಉಕ್ಕಿನ ತಂತಿ, ಅಲ್ಯೂಮಿನಿಯಂ ಮೆಟ್ಟಿಲು, ಒಂದು ಪಾದ ಇಡುವಷ್ಟೇ ಅಗಲ. ಒಬ್ಬರು ಏಣಿ ಇಳಿಸಲು ಒಪ್ಪದಿದ್ದರೆ ಉದ್ದದ ಗಳುವಿನ ತುದಿಗೆ ಕೊಕ್ಕೆ ಹಾಕಿ ಇದನ್ನು ರೇಲಿಂಗಿಗೆ ಸಿಕ್ಕಿಸುತ್ತಾರೆ. ಅಲುಗಾಡುವ ಬೋಟಿನಿಂದ, ಓಡುವ ಹಡಗಿಗೆ. ಅದನ್ನು ಹತ್ತಲು ನನ್ನಿಂದ ಆಗಲಿಕ್ಕಿಲ್ಲ. ಇನ್ನೊಂದು ದಾರಿ ಹೆಲಿಕಾಪ್ಟರಿನ ಹಗ್ಗ. ಅದು ಮಣಿಕಟ್ಟಿನಷ್ಟು ದಪ್ಪದ ಹೆಣೆದ ಹಗ್ಗ. ಸೊಂಟಕ್ಕೆ ಏನೂ ಕಟ್ಟಿಕೊಳ್ಳುವುದಿಲ್ಲ. ಕೈ ಮತ್ತು ಕಾಲಿನ ಹಿಡಿತವೇ ಬ್ರೇಕು. ಉಜ್ಜಿ ಕೈ ಸುಡದಿರಲು ದಪ್ಪ ಚರ್ಮದ ಕೈಗವಸು ಹಾಕುತ್ತಾರೆ. ತಂಡವೊಂದು ನಿಮಿಷದೊಳಗೆ ಡೆಕ್ಕಿನಲ್ಲಿ ಇರುತ್ತದೆ, ಅದು ಲಾಭ. ಆದ್ರೆ ಕ್ರೇನು, ಮಾಸ್ಟು, ವೈರು ತುಂಬಿದ ನಮ್ಮಂಥ ಹಡಗಿನಲ್ಲಿ ಹೆಲಿಕಾಪ್ಟರ್ ನಿಲ್ಲಲು ಜಾಗ ಸಿಗುವುದು ಹೋಲ್ಡಿನ ಮುಚ್ಚಳ, ಹ್ಯಾಚ್ ಕವರಿನ ಮೇಲೆ ಮಾತ್ರ.

ಹತ್ತಿದವರಲ್ಲಿ ಕೆಲವರು ಬ್ರಿಡ್ಜಿಗೆ, ಇಬ್ಬರು ಮೆಸ್ ರೂಮಿಗೆ, ಉಳಿದವರು ಹುಡುಕಲಿಕ್ಕೆ. ನನ್ನನ್ನು ಕೀಲಿ ಗೊಂಚಲು ಸಮೇತ ಹುಡುಕುವವರ ಜೊತೆ ಹಾಕಿದರು. ನಾನು ಮುಂದೆ ಹೋಗುವಂತಿಲ್ಲ. ಬಾಗಿಲಿನ ಕೀಲಿ ತೆಗೆದು ಬದಿಗೆ ಸರಿಯಬೇಕು. ಇಬ್ಬರು ಒಳಗೆ ಹೋಗುತ್ತಾರೆ, ಒಬ್ಬ ಎಡ ಮೂಲೆ, ಇನ್ನೊಬ್ಬ ಬಲ ಮೂಲೆ. ನೋಡಿ ಆದ ಬಾಗಿಲಿಗೆ ಒಂದು ತುಂಡು ಟೇಪ್ ಅಂಟಿಸುತ್ತಾರೆ. ಕ್ಯಾಬಿನ್, ಪೇಂಟ್ ಸ್ಟೋರ್, ಹಗ್ಗದ ಕೋಣೆ, ಸ್ಟೀರಿಂಗ್ ಗೇರ್ ರೂಮ್, ಆಸ್ಪತ್ರೆ ಕೋಣೆ, ಕೋಲ್ಡ್ ರೂಮ್. ಕೋಳಿ ಇಟ್ಟ ಫ್ರೀಜರನ್ನೂ ಬಿಡಲಿಲ್ಲ.

ಲಂಗರಿನ ಸರಪಳಿ ಇಡುವ ಕೋಣೆಯ ಮುಚ್ಚಳ ತೆಗೆಯಲು ಹೇಳಿದಾಗ ನಾನು ಕೈ ಅಡ್ಡ ಹಿಡಿದೆ. ಮುಚ್ಚಿಟ್ಟ ಉಕ್ಕಿನ ಕೋಣೆಯಲ್ಲಿ ತುಕ್ಕು ಗಾಳಿಯ ಆಮ್ಲಜನಕವನ್ನೇ ತಿಂದು ಹಾಕುತ್ತದೆ. ಮಾಮೂಲು ಗಾಳಿಯಲ್ಲಿ ಶೇಕಡ 21ರ ಹತ್ತಿರ ಇರಬೇಕಾದದ್ದು ಅಲ್ಲಿ ಎಷ್ಟೋ ಕಡಿಮೆ ಇರಬಹುದು. ಇಳಿದವ ಉಸಿರು ಕಟ್ಟಿ ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಹಡಗುಗಳಲ್ಲಿ ಹೀಗೆ ಸತ್ತವರು ಬಹಳ. ನಾನು ಹೇಳುವ ಮೊದಲೇ ಅವರಲ್ಲೊಬ್ಬ ಸೊಂಟದಿಂದ ಗ್ಯಾಸ್ ಮೀಟರ್ ತೆಗೆದಿದ್ದ. ದಾರ ಕಟ್ಟಿ ಕೆಳಗೆ ಬಿಟ್ಟು, ಅದು ಕೂಗಿದ್ದು ಕೇಳಿ, ಟಾರ್ಚಿನಲ್ಲಿ ಮೇಲಿಂದಲೇ ನೋಡಿ ಮುಚ್ಚಿಸಿದ.

ಇಲ್ಲಿ ಲೀಲಾ ನಾರ್ಫೋಕ್ ವಿಷಯ ಒಂದು ಹೇಳಬೇಕು. ಅಲ್ಲಿ ಕಮಾಂಡೋಗಳು ಹತ್ತಲು ಧೈರ್ಯ ಮಾಡಿದ್ದಕ್ಕೆ ಒಂದು ಕಾರಣ ಹಡಗಿನ ಜನ ಎಲ್ಲರೂ ಒಳಗೆ ಗಟ್ಟಿ ಕೋಣೆಯಲ್ಲಿ ಬಾಗಿಲು ಹಾಕಿ ಕೂತದ್ದು. ಸಿಟಡೆಲ್ ಅಂತೇವೆ ಅದಕ್ಕೆ. ಒಬ್ಬನೇ ಒಬ್ಬ ಹೊರಗೆ ಉಳಿದರೂ ಒತ್ತೆಯಾಳು ಆಗುತ್ತಾನೆ, ಆಗ ಸೈನಿಕರು ನುಗ್ಗುವುದು ಕಷ್ಟ. ಅವರು ಹುಡುಕಿದಾಗ ಕಳ್ಳರು ಯಾರೂ ಸಿಗಲಿಲ್ಲ, ಮೊದಲೇ ಬಿಟ್ಟು ಹೋಗಿದ್ದರು. ಅಂದರೆ ಟಿವಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನೋಡಿದ್ದು ಖಾಲಿ ಬಾಗಿಲುಗಳನ್ನು ತೆರೆಯುವುದನ್ನು. ನಾನು ನೋಡಿದ್ದೂ ಅದನ್ನೇ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಖಾಲಿ ಬಾಗಿಲೇ.

ಮೆಸ್ ರೂಮಿನಲ್ಲಿ ಒಬ್ಬೊಬ್ಬರ ಸಿಡಿಸಿ (ನಾವಿಕರ ಗುರುತಿನ ಪುಸ್ತಕ) ಮತ್ತು ಪಾಸ್‌ಪೋರ್ಟ್ ತೆಗೆದು ಮುಖಕ್ಕೆ ಹಿಡಿದು ನೋಡಿದರು. ಕ್ರೂ ಲಿಸ್ಟಿನಲ್ಲಿ ಗುರುತು ಹಾಕಿದರು. ನನ್ನ ಸಿಡಿಸಿಯ ಫೋಟೋದಲ್ಲಿ ಮೀಸೆ ಇಲ್ಲ, ಮುಖದಲ್ಲಿ ಇತ್ತು. ಕೈ ಅಡ್ಡ ಹಿಡಿದು ಮೀಸೆ ಮುಚ್ಚಿ ತೋರಿಸಬೇಕಾಯ್ತು. ಕೋಟಿಕುಳದ ಹುಡುಗ ಮಲಯಾಳದಲ್ಲಿ ಏನೋ ಹೇಳಿ ನಗಿಸಿದ, ಬರೆಯುವಂಥದ್ದಲ್ಲ. ಅಡುಗೆಯವ ಊಟ ಬಡಿಸಲು ತಯಾರಿದ್ದ. ಅವರು ಥ್ಯಾಂಕ್ಸ್ ಹೇಳಿ ಮುಟ್ಟಲಿಲ್ಲ. ನೀರನ್ನೂ ತಮ್ಮದೇ ಬಾಟಲಿಯಿಂದ ಕುಡಿದರು.

ಈ ಊಟದ ವಿಷಯ ನಮ್ಮ ಮಾವನಿಗೆ ಬಹಳ ಬೇಸರ ತಂದಿತು. ಮಾವ ಮೊದಲಿನಿಂದಲೂ ಮೀನಿಗೆ ಹೋಗುವವರು. ಅವರ ಬೋಟಿಗೆ ಕರಾವಳಿ ಪೊಲೀಸರು ಹತ್ತುವುದು ಮಾಮೂಲು. ಅದರಲ್ಲೂ ಮಳೆಗಾಲದಲ್ಲಿ. ಟ್ರಾಲಿಂಗ್ ನಿಷೇಧ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ, ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಮಂಜೇಶ್ವರದ ಕಡಲಲ್ಲಿ ಗೆರೆ ಎಳೆದಿಲ್ಲವಲ್ಲ, ಯಾವ ಬೋಟು ಎಲ್ಲಿಯದು ಅಂತ ನೋಡಲು ಅವರು ಬರಲೇಬೇಕು. 2008ರಲ್ಲಿ ಮುಂಬೈಗೆ ಬಂದ ಉಗ್ರರು ಕುಬೇರ್ ಅನ್ನುವ ಮೀನಿನ ಬೋಟನ್ನೇ ಹಿಡಿದು ಬಂದವರು. ಅದಾದ ಮೇಲೆ ಮೀನುಗಾರರಿಗೂ ಬಯೋಮೆಟ್ರಿಕ್ ಕಾರ್ಡು ಬಂತು, ರಾಜ್ಯಕ್ಕೊಂದು ಬಣ್ಣ ಬಂತು. 'ನಮ್ಮಲ್ಲಿ ಏಣಿ ಬೇಡ ಮಾರಾಯಾ, ಬೋಟು ತಾಗಿಸಿ ಒಂದು ಹಾರು ಹಾರಿದ್ರೆ ಆಯ್ತು. ಕಾರ್ಡು ನೋಡ್ತಾರೆ, ಬೂತಾಯಿ ಸಾರು ಇದ್ರೆ ಎರಡು ತುತ್ತು ಉಣ್ತಾರೆ' ಅಂದರು ಮಾವ. ಸಣ್ಣ ಬೋಟಿಗೆ ಹತ್ತುವುದು ಸುಲಭ ಅಂತ ಮಾವ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎರಡು ಬೋಟಿನ ನಡುವೆ ಕಾಲು ಸಿಕ್ಕಿದವರನ್ನು ನಮ್ಮ ದಕ್ಕೆಯಲ್ಲೇ ನೋಡಿದ್ದೇನೆ.

ಸರಕು ನೋಡುವಾಗ ಅವರ ಕಷ್ಟ ಗೊತ್ತಾಯ್ತು. ಹೋಲ್ಡಿನೊಳಗೆ ಇಳಿದು ಪಿಕಪ್ ಗಾಡಿಗಳ ಫೋಟೋ ತೆಗೆದರು, ಚಾಸಿ ನಂಬರನ್ನು ಪಟ್ಟಿಗೆ ತಾಳೆ ಹಾಕಿದರು. ಟಾರ್ಪಾಲು ಎತ್ತಿ ಪೈಪಿನೊಳಗೆ ಟಾರ್ಚು ಬಿಟ್ಟರು. ಟೈಲ್ಸಿನ ಪೆಟ್ಟಿಗೆಗಳನ್ನು ಎಷ್ಟು ಅಂತ ಒಡೆಯುವುದು? ಕಂಟೈನರಂತೂ ಒತ್ತೊತ್ತಾಗಿ ಇಟ್ಟಿರುತ್ತಾರೆ, ಬಾಗಿಲು ತೆರೆಯಲು ಜಾಗವೇ ಇರುವುದಿಲ್ಲ. ಕೈಗೆ ಸಿಗುವ ಒಂದನ್ನು ಆರಿಸಿದರು. ಚೀಫ್ ಆಫೀಸರ್ ಎದುರಿಗೆ ಸೀಲ್ ಕತ್ತರಿಸಿದರು. ಒಳಗೆ ಕಕ್ಕಸಿನ ಕಮೋಡುಗಳು. ಒಂದರ ಹಿಂದೆ ಒಂದು, ಥರ್ಮೋಕೋಲ್ ಸುತ್ತಿ. ಅಷ್ಟು ಹೊತ್ತು ಗಂಭೀರವಾಗಿದ್ದ ಬೋಲ್ಟ್ ಕಟರಿನವನ ಮುಖದಲ್ಲೂ ನಗು ಬಂತು. ನಿಜವಾದ ಅನುಮಾನ ಇದ್ದರೆ ಹೀಗೆ ಕಡಲಲ್ಲಿ ಒದ್ದಾಡುವುದಿಲ್ಲ, ಹಡಗನ್ನು ಯಾವುದಾದರೂ ಬಂದರಿಗೆ ತಿರುಗಿಸುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ವಿಮಾನದ ಇಂಧನ ತುಂಬಿಕೊಂಡು ಬೆಂಗಾಜಿಗೆ ಹೊರಟಿದ್ದ ರಾಯಲ್ ಡೈಮಂಡ್ 7 ಅನ್ನುವ ಟ್ಯಾಂಕರಿಗೆ ಹಾಗೆಯೇ ಆಯ್ತು.

ಇಳಿಯುವಾಗಲೂ ಅದೇ ಶಿಸ್ತು, ತಿರುವುಮುರುವು. ಮೊದಲು ಹತ್ತಿದವ ಕೊನೆಗೆ ಇಳಿದ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಕೆಳಗಿನ ಬೋಟು ಕಾಣುವುದಿಲ್ಲ, ದಣಿವು ಬೇರೆ. ಬೋಟಿನವ ಕೂಗಿ ಹೇಳಿದಾಗ ಮಾತ್ರ ಕೈ ಬಿಡಬೇಕು. ಯಾರೂ ನೀರಿಗೆ ಬೀಳಲಿಲ್ಲ. ಏಣಿ ಎಳೆದು ನೋಡಿದೆ. ಗಂಟು ಬಿಗಿದು ಕಲ್ಲಾಗಿತ್ತು. ಬಿಡಿಸಲು ಸ್ಪೈಕ್, ಅಂದರೆ ಚೂಪು ಮೊಳೆಯಂಥ ಉಪಕರಣ ಬೇಕಾಯ್ತು.

ಹೋಗುವ ಮೊದಲು ಅವರ ನಾಯಕ ಕ್ಯಾಪ್ಟನ್ ಹತ್ತಿರ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಏನೂ ಹಾನಿ ಆಗಿಲ್ಲ, ಯಾರಿಗೂ ಪೆಟ್ಟಾಗಿಲ್ಲ ಅಂತ. ಕತ್ತರಿಸಿದ ಸೀಲಿನ ನಂಬರು, ಹೊಸ ಸೀಲಿನ ನಂಬರು, ಗಂಟೆ, ಜಾಗ ಎಲ್ಲ ನಮ್ಮ ಲಾಗ್‌ಬುಕ್ಕಿನಲ್ಲಿ ಬರೆಸಿ ಅವನೂ ಸಹಿ ಹಾಕಿದ. ಆಗ ಅದು ಸುಮ್ನೆ ಕಾಟಾಚಾರ ಅನ್ನಿಸಿತ್ತು. ಬಂದರಿನಲ್ಲಿ ಕಸ್ಟಮ್ಸಿನವರು ಪಟ್ಟಿ ಹಿಡಿದು ಬಂದರು. ಆ ಒಂದು ಕಂಟೈನರಿನ ಹತ್ತಿರ ನಿಂತರು, ಸೀಲ್ ನಂಬರ್ ಬೇರೆ ಇದೆ, ಇಳಿಸಬೇಡಿ ಅಂದರು. ಚೀಫ್ ಆಫೀಸರ್ ಲಾಗ್‌ಬುಕ್ಕಿನ ಆ ಪುಟ ಮತ್ತು ಕಾಗದದ ಪ್ರತಿ ತೋರಿಸಿದರು. ಅವರೂ ಇಂಥದ್ದು ಬಹಳ ನೋಡಿದವರೇ. ಒಂದು ಫೋಟೋ ತೆಗೆದು, ಠಸ್ಸೆ ಹೊಡೆದು, ಕ್ರೇನಿನವನಿಗೆ ಕೈ ಬೀಸಿದರು.